ಓದುಗರ ಪ್ರಶ್ನೆ: ಕೌಂಟರ್ ಏರುತ್ತಲೇ ಇದೆ, ವೇಗ ತಿಳಿಯುವುದು ಹೇಗೆ?

ಪ್ರಶ್ನೆ: ಹತ್ತು ರೌಟರ್‌ಗಳ ಬೈಟ್ ಕೌಂಟರ್ (ಹರಿದ ಬೈಟ್‌ಗಳ ಏರುತ್ತಲೇ ಹೋಗುವ ಲೆಕ್ಕ) ಎಸ್‌ಎನ್‌ಎಂಪಿ (ನೆಟ್‌ವರ್ಕ್ ಸಾಧನಗಳ ಮಾಹಿತಿ ಓದುವ ವಿಧಾನ) ಮೂಲಕ ನಿಮಿಷಕ್ಕೊಮ್ಮೆ ಪ್ರೊಮಿಥಿಯಸ್‌ಗೆ (ಇಂಥ ರೀಡಿಂಗ್‌ಗಳನ್ನು ಕೂಡಿಡುವ ತಂತ್ರಾಂಶ) ಬರುತ್ತದೆ. ಅದನ್ನು ಗ್ರಾಫ್ ಆಗಿ ತೋರಿಸುವ ಗ್ರಫಾನಾದಲ್ಲಿ 1 ನಿಮಿಷದ ರೇಟ್ (ಸೆಕೆಂಡಿಗೆ ಎಷ್ಟು ಏರಿತು ಎಂಬ ಲೆಕ್ಕ) ಹಾಕಿದರೆ ಗ್ರಾಫ್ ಖಾಲಿ. ಎಲ್ಲ ರೌಟರ್‌ಗಳ ಮೊತ್ತವನ್ನು ರೆಕಾರ್ಡಿಂಗ್ ರೂಲ್‌ನಲ್ಲಿ (ಲೆಕ್ಕದ ಫಲಿತಾಂಶವನ್ನು ಆಗಾಗ ಉಳಿಸಿಡುವ ನಿಯಮ) ಉಳಿಸಿ ಅದರ ರೇಟ್ ತೆಗೆದರೆ ಗೆರೆ ಆಗಾಗ ಮುಗಿಲಿಗೆ ಹಾರುತ್ತದೆ. ದೋಷದ ಪ್ಯಾಕೆಟ್‌ಗಳಿಗೆ ಇನ್‌ಕ್ರೀಸ್ (ಒಟ್ಟು ಎಷ್ಟು ಏರಿತು ಎಂಬ ಲೆಕ್ಕ) ಹಾಕಿದರೆ ಪೂರ್ಣ ಸಂಖ್ಯೆಯ ಬದಲು 3.75 ಬರುತ್ತದೆ. ತಪ್ಪೆಲ್ಲಿ?

ಉತ್ತರ: ಲೆಕ್ಕ ಸರಳ. 10:00ಕ್ಕೆ 84 ಕೋಟಿ ಬೈಟ್, 10:01ಕ್ಕೆ 99 ಕೋಟಿ ಇದ್ದರೆ ವ್ಯತ್ಯಾಸ 15 ಕೋಟಿ. 60ರಿಂದ ಭಾಗಿಸಿದರೆ ಸೆಕೆಂಡಿಗೆ 25 ಲಕ್ಷ ಬೈಟ್. 8ರಿಂದ ಗುಣಿಸಿದರೆ 20 ಎಂಬಿಪಿಎಸ್. ಇದಕ್ಕೆ ಎರಡು ರೀಡಿಂಗ್ ಬೇಕೇ ಬೇಕು. 1 ನಿಮಿಷದ ಕಿಟಕಿಯಲ್ಲಿ (ರೇಟ್ ಹಿಂತಿರುಗಿ ನೋಡುವ ಅವಧಿ) ನಿಮಗೆ ಸಿಗುವುದು ಒಂದೇ, ಹಾಗಾಗಿ ಗ್ರಾಫ್ ಖಾಲಿ. ಕಿಟಕಿ ಸ್ಕ್ರೇಪ್ ಅಂತರದ (ಎರಡು ರೀಡಿಂಗ್‌ಗಳ ನಡುವಿನ ಸಮಯ) ನಾಲ್ಕು ಪಟ್ಟಾದರೂ ಇರಲಿ, ಅಂದರೆ 4 ನಿಮಿಷ. ನಡುವೆ ಒಂದು ರೀಡಿಂಗ್ ತಪ್ಪಿದರೂ ಗೆರೆ ಕಡಿಯುವುದಿಲ್ಲ. ಗ್ರಫಾನಾದ 'ರೇಟ್ ಇಂಟರ್ವಲ್' ಚರವನ್ನು ಬಳಸಿದರೆ ಇದನ್ನು ಅದೇ ನೋಡಿಕೊಳ್ಳುತ್ತದೆ. ಆದರೆ ಡೇಟಾ ಸೋರ್ಸ್ ಸೆಟ್ಟಿಂಗ್‌ನಲ್ಲಿ ಸ್ಕ್ರೇಪ್ ಅಂತರ 15 ಸೆಕೆಂಡ್ ಎಂದೇ ಉಳಿದಿದ್ದರೆ ಅದರ ನಾಲ್ಕು ಪಟ್ಟು ಮತ್ತೆ 1 ನಿಮಿಷವೇ. ಅಲ್ಲಿ 60 ಸೆಕೆಂಡ್ ಎಂದು ಬದಲಿಸಿ.

ಮುಗಿಲಿಗೆ ಹಾರುವ ಗೆರೆ ಹೆಚ್ಚು ಗಂಭೀರ, ಏಕೆಂದರೆ ಅದು ನಿಜವಾದ ದಟ್ಟಣೆಯಂತೆಯೇ ಕಾಣುತ್ತದೆ. ಕೌಂಟರ್ ಕೆಳಗಿಳಿದರೆ ಅದು ಸೊನ್ನೆಯಿಂದ ಮತ್ತೆ ಶುರುವಾಗಿದೆ ಎಂದು ರೇಟ್ ಭಾವಿಸಿ, ಹೊಸ ರೀಡಿಂಗನ್ನು ಪೂರ್ತಿಯಾಗಿ ಏರಿಕೆಗೆ ಸೇರಿಸುತ್ತದೆ. ಒಂದೊಂದು ರೌಟರ್‌ಗೆ ಇದು ಸರಿ. ಈಗ ಹತ್ತೂ ರೌಟರ್ ತಲಾ 100 ಕೋಟಿ ತೋರಿಸುವಾಗ ಒಂದು ರೀಬೂಟ್ ಆಯಿತೆನ್ನಿ. ಮೊತ್ತ 1,000 ಕೋಟಿಯಿಂದ 900 ಕೋಟಿಗೆ ಇಳಿಯುತ್ತದೆ. ಇಡೀ ಮೊತ್ತವೇ ಸೊನ್ನೆಯಾಗಿ ಮತ್ತೆ 900 ಕೋಟಿ ಹರಿಯಿತೆಂದು ರೇಟ್ ಲೆಕ್ಕ ಹಾಕುತ್ತದೆ. ಆ ರೂಲ್ ತೆಗೆದುಹಾಕಿ. ಮೊದಲು ಪ್ರತಿ ರೌಟರ್‌ನ ರೇಟ್, ಆಮೇಲೆ ಅವುಗಳ ಮೊತ್ತ. ಈ ಕ್ರಮ ಎಂದೂ ತಿರುವುಮುರುವಾಗಬಾರದು.

ಕೌಂಟರ್ 32 ಬಿಟ್‌ನದೇ ಎಂಬುದನ್ನೂ ನೋಡಿ. ಅದು 4,29,49,67,295 ದಾಟಿದರೆ ಸೊನ್ನೆಗೆ ಮರಳುತ್ತದೆ. 1 ಜಿಬಿಪಿಎಸ್ ಲಿಂಕ್ ತುಂಬಿ ಹರಿದರೆ ಇದಕ್ಕೆ ಸುಮಾರು 34 ಸೆಕೆಂಡ್ ಸಾಕು. ನಿಮಿಷಕ್ಕೊಮ್ಮೆ ಓದುವ ನಿಮಗೆ ನಡುವಿನ ಸುತ್ತು ಕಾಣುವುದೇ ಇಲ್ಲ, ಗ್ರಾಫ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಯಾವ ಸೂತ್ರವೂ ಇದನ್ನು ಸರಿಪಡಿಸಲಾರದು. ಒಳಬರುವ ಬೈಟ್‌ಗಳ 64 ಬಿಟ್ ಕೌಂಟರ್ ಆದ ಐಎಫ್‌ಎಚ್‌ಸಿಇನ್‌ಆಕ್ಟೆಟ್ಸ್ (ifHCInOctets) ಓದಿ. ಎಸ್‌ಎನ್‌ಎಂಪಿ ಮೊದಲ ಆವೃತ್ತಿಯಲ್ಲಿ 64 ಬಿಟ್ ಕೌಂಟರ್ ಇಲ್ಲ, 2ಸಿ ಅಥವಾ 3 ಬೇಕು.

ಇನ್ನು 3.75. 5 ನಿಮಿಷದ ಕಿಟಕಿಯಲ್ಲಿ ಐದು ರೀಡಿಂಗ್ ಇದ್ದರೆ ಮೊದಲ ರೀಡಿಂಗಿನಿಂದ ಕೊನೆಯದಕ್ಕೆ 240 ಸೆಕೆಂಡ್ ಮಾತ್ರ. ಆ ಅವಧಿಯ 3 ದೋಷಗಳನ್ನು ಇನ್‌ಕ್ರೀಸ್ 300 ಸೆಕೆಂಡಿಗೆ ಹಿಗ್ಗಿಸುತ್ತದೆ: 3 × 300 ÷ 240 = 3.75. ಇದು ಅಂದಾಜು. ಗ್ರಾಫಿಗೆ, ಅಲರ್ಟ್‌ಗೆ ಧಾರಾಳವಾಗಿ ಬಳಸಿ, ಬಿಲ್ ಲೆಕ್ಕಕ್ಕೆ ಬೇಡ.

ತಿಂಗಳ ಗ್ರಾಫ್ ನೋಡುವಾಗ ರೇಟ್‌ನ ಇನ್ನೊಂದು ರೂಪವಾದ ಇರೇಟ್ (irate) ಬಳಸಬೇಡಿ. ಅದು ಕಿಟಕಿಯ ಕೊನೆಯ ಎರಡು ರೀಡಿಂಗ್ ಮಾತ್ರ ನೋಡುತ್ತದೆ. ಗ್ರಾಫಿನಲ್ಲಿ ಗಂಟೆಗೊಂದು ಚುಕ್ಕೆ ಇದ್ದರೆ ಉಳಿದ 59 ನಿಮಿಷಗಳ ದಟ್ಟಣೆ ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿ 1 ಗಂಟೆಯ ಕಿಟಕಿಯ ರೇಟ್ ಹಾಕಿ.