ಸ್ಕಾಲರ್‌ಶಿಪ್ ಬಂದದಂತ ಪೇಢಾ ಹಂಚೋಕ್ಕಿಂತ ಮೊದ್ಲು

ಪಿಯುಸಿ ರಿಸಲ್ಟ್ ಬಂದ್ರ ಸಾಕು ನನ್ನ ಟಪಾಲ್ ಡಬ್ಬಿ ತುಂಬ್ತದ. ಪ್ರತಿ ವರ್ಷ ಸಿಇಟಿ, ನೀಟ್ ಬಗ್ಗೆನೇ ಇರ್ತಿತ್ತು, ಈ ಸಲ ಅಮೆರಿಕದ ಸಣ್ಣ ಸಣ್ಣ ಕ್ಯಾಥೊಲಿಕ್ ಕಾಲೇಜುಗಳ ಬಗ್ಗೆ ಐದು ಪತ್ರ ಬಂದಾವ, ಅದಕ್ಕ ಎಲ್ಲಾ ಒಂದೇ ಕಡೆ ಉತ್ತರ ಬರದೀನಿ.

ಪ್ರಶ್ನೆ: ಅಕ್ಕಾರ ನಮಸ್ಕಾರ. ನಾ ಕಲಬುರಗ್ಯಾಗ ದಾಲ್ ಮಿಲ್‌ನಾಗ ಲೆಕ್ಕ ಬರೀತೀನಿ, ಮನಿಯವ್ರು ಸಾಲಿ ಟೀಚರ್. ಇಬ್ರದೂ ಸೇರಿ ವರ್ಷಕ್ಕ 11 ಲಕ್ಷ ಬರ್ತದ, ಆಳಂದ ರೋಡಿಗೆ ಒಂದು ಪ್ಲಾಟ್ ಅದ. ಮಗಳಿಗೆ ಪಿಯುಸಿ ಸೈನ್ಸ್‌ನಾಗ 94 ಪರ್ಸೆಂಟ್. ಅಮೆರಿಕದ ಒಂದು ಸಣ್ಣ ಕ್ಯಾಥೊಲಿಕ್ ಕಾಲೇಜ್‌ನಾಗ ಬಯಾಲಜಿಗೆ ಸೀಟ್ ಸಿಕ್ಕದ. ಟ್ಯೂಷನ್ ಫೀ 42,000 ಡಾಲರ್, ರೂಮು ಊಟ 13,000, ಇನ್ಶೂರೆನ್ಸ್ ಪುಸ್ತಕ ಇತ್ಯಾದಿ 4,500. ವರ್ಷಕ್ಕ 24,000 ಡಾಲರ್ ಮೆರಿಟ್ ಸ್ಕಾಲರ್‌ಶಿಪ್ ಅಂತ ಪತ್ರ ಬಂದದ. ಬೀಗರು ಬಿಜ್ಜರೆಲ್ಲಾ ಫೋನ್ ಮಾಡಿ ಅಭಿನಂದನೆ ಹೇಳ್ಲಿಕತ್ತಾರ. ಮೇ 1ರೊಳಗ ಡೆಪಾಸಿಟ್ ಕಟ್ರಿ ಅಂತ ಕಾಲೇಜಿನವ್ರು ಅಂತಾರ. ಕಟ್ಬೇಕೋ ಬ್ಯಾಡೋ?
(ಒಬ್ಬ ತಂದೆ, ಕಲಬುರಗಿ)

ಉತ್ತರ: ಅಣ್ಣಾರ, ಮೊದ್ಲು ಮಗಳಿಗೆ ಶಾಭಾಸ್ ಹೇಳ್ರಿ, 94 ಅಂದ್ರ ಸುಮ್ಮ ಬರಂಗಿಲ್ಲ. ಆದ್ರ ಆ 24,000 ನೋಡಿ ಖುಷಿ ಪಡೋದು ಸ್ವಲ್ಪ ತಡೀರಿ. ನೀವು ಲೆಕ್ಕ ಬರೆಯೋವ್ರು, ನಿಮಗ ಜಲ್ದಿ ತಿಳೀತದ. ನಮ್ಮ ಕಲಬುರಗಿ ಸೂಪರ್ ಮಾರ್ಕೆಟ್ ಪ್ಯಾಟ್ಯಾಗ ಸೀರಿ ಮ್ಯಾಲ 4,000 ಅಂತ ಚೀಟಿ ಹಚ್ಚಿ, ನಿಮಗಂತ 1,800ಕ್ಕ ಕೊಡ್ತೀನ್ರಿ ಅಂತಾರಲ್ಲ, ಹಂಗೇ ಅದು. ಅಮೆರಿಕದ ಪ್ರೈವೇಟ್ ಕಾಲೇಜುಗಳು ಬೋರ್ಡಿನ ಮ್ಯಾಲ ಒಂದು ಫೀ ಬರೀತಾವ, ಅಷ್ಟು ಕಟ್ಟೋವ್ರು ಕಡಿಮಿ ಮಂದಿ. ಅಲ್ಲಿಯ ಕಾಲೇಜುಗಳ ಹಣಕಾಸು ಅಧಿಕಾರಿಗಳ ಸಂಘ, ನ್ಯಾಕುಬೊ ಅಂತ, ಪ್ರತಿ ವರ್ಷ ಲೆಕ್ಕ ತಗೀತದ, 2022-23ರಾಗ ಪ್ರೈವೇಟ್ ಕಾಲೇಜುಗಳು ಫಸ್ಟ್ ಇಯರ್ ಹುಡುಗರಿಗೆ ಟ್ಯೂಷನ್‌ನಾಗ ಸರಾಸರಿ 56 ಪರ್ಸೆಂಟ್ ಆಜೂಬಾಜು ರಿಯಾಯತಿ ಕೊಟ್ಟಾವ. ನಿಮ್ಮ ಮಗಳಿಗೆ ಬಂದದ್ದೆಷ್ಟು? 42,000ದಾಗ 24,000, ಅಂದ್ರ 57. ಮೆರಿಟ್ ಅಂತ ಹೆಸರು ಇಟ್ಟಾರ, ಆದ್ರ ಸರಾಸರಿ ಹುಡುಗನಿಗೆ ಸಿಗೋದೂ ಅಷ್ಟೇ. ಇದ್ರಿಂದ ಮಗಳು ಕಡಿಮಿ ಅಂತಲ್ಲ, ಕಾಲೇಜಿನವ್ರು ಇನ್ನೂ ಬಿಚ್ಚಿಲ್ಲ ಅಂತ ಅರ್ಥ, ಕೇಳ್ಲಿಕ್ಕೆ ಜಾಗ ಅದ.

ಈಗ ಉಳಿದದ್ದು ನೋಡ್ರಿ. ಎಲ್ಲಾ ಸೇರಿ 59,500, ಅದ್ರಾಗ 24,000 ಕಳದ್ರ 35,500. ಡಾಲರಿಗೆ 90 ರೂಪಾಯಿ ಹಿಡೀರಿ, ಪೈಲಾ ವರ್ಷಕ್ಕೇ ಹತ್ರ ಹತ್ರ 32 ಲಕ್ಷ, ನಿಮ್ಮ ಇಬ್ರ ಮೂರು ವರ್ಷದ ಪಗಾರ. ಆಮ್ಯಾಲಿಂದು ಇನ್ನೂ ಮಜಾ. ಫೀ ವರ್ಷ ವರ್ಷ ಏರ್ತದ, ಸ್ಕಾಲರ್‌ಶಿಪ್ ಮಾತ್ರ ನಿಂತಲ್ಲೇ ನಿಂತಿರ್ತದ, ಪತ್ರದಾಗ 24,000 ಅಂತ ಬರೆದಾರಲ್ಲ, ಪರ್ಸೆಂಟ್ ಅಂತ ಬರೆದಿಲ್ಲಲ್ಲ. ಎಲ್ಲಾ ಖರ್ಚು ವರ್ಷಕ್ಕ 4 ಪರ್ಸೆಂಟ್ ಏರ್ತದ ಅಂತ ಹಿಡಿದ್ರ ನಾಕನೇ ವರ್ಷ ನೀವು ಕಟ್ಟೋದು 42,900 ಡಾಲರ್ ಆಗ್ತದ, 38 ಲಕ್ಷ 60 ಸಾವಿರ. ನಾಕೂ ವರ್ಷ ಕೂಡಿಸಿದ್ರ 1 ಕೋಟಿ 41 ಲಕ್ಷ, ಇದ್ರಾಗ ವಿಮಾನದ ಟಿಕೆಟ್ ಇಲ್ಲ, ಬ್ಯಾಸಗಿ ಸೂಟ್ಯಾಗ ಹಾಸ್ಟೆಲ್ ಬಂದ್ ಆದ್ರ ಎಲ್ಲಿ ಇರ್ಬೇಕು ಅನ್ನೋದಿಲ್ಲ, ರೂಪಾಯಿ ಇನ್ನೂ ಇಳೀತಂದ್ರ ಆ ಲೆಕ್ಕನೂ ಇಲ್ಲ.

ಇನ್ನೊಂದು, ಪತ್ರದ ಕಡೀ ಸಾಲು ಸಣ್ಣ ಅಕ್ಷರದಾಗ ಇರ್ತದ, ಜಿಪಿಎ (4ಕ್ಕ ಎಷ್ಟು ಅಂತ ಹಾಕೋ ಸರಾಸರಿ ಮಾರ್ಕ್ಸ್) ಇಷ್ಟು ಉಳಿಸ್ಕೊಂಡ್ರ ಮಾತ್ರ ಮುಂದಿನ ವರ್ಷ ಸ್ಕಾಲರ್‌ಶಿಪ್ ಅಂತ. ನಮ್ಮ ಚಿಗವ್ವನ ಮಗ ಹಿಂಗೇ ಒಂದು ಕಾಲೇಜಿಗೆ ಹೋಗಿದ್ದ, 3.0 ಬೇಕಿತ್ತು, ಪೈಲಾ ವರ್ಷ ಥಂಡಿಗೆ ಊಟ ಸೇರದೆ ಮಂಕಾಗಿ 2.9 ಬಂತು, ಅಷ್ಟಕ್ಕೇ ರೊಕ್ಕ ಹೋಯ್ತು, ನಮ್ಮ ಚಿಗಪ್ಪ ಊರಾಗಿನ ಹೊಲ ಬರದ ಕೊಟ್ಟ. ಅವತ್ತಿಂದ ನಾ ಯಾರ ಸ್ಕಾಲರ್‌ಶಿಪ್ ಪತ್ರ ತೋರಿಸಿದ್ರೂ ಹಿಂದಿನ ಪೇಜ್ ಎಲ್ಲಿ ಅಂತ ಕೇಳ್ತೀನಿ.

ಮಾಡೋದೇನಂದ್ರ, ಇವತ್ತೇ ಮಗಳ ಕೈಲಿಂದ ಕಾಲೇಜಿನ ಫೈನಾನ್ಶಿಯಲ್ ಏಡ್ ಆಫೀಸಿಗೆ ಮೇಲ್ ಹಾಕಸ್ರಿ. ನೀವು ಹಾಕಬ್ಯಾಡ್ರಿ, ಅಲ್ಲಿ ಹುಡುಗರೇ ಬರಿಬೇಕು ಅಂತ ಬಯಸ್ತಾರ. ನಮ್ಮ ಮನಿ ಆದಾಯ ಇಷ್ಟು, ನಾವು ವರ್ಷಕ್ಕ ಇಷ್ಟೇ ಕೊಡ್ಲಿಕ್ಕೆ ಆಗ್ತದ, ಉಳಿದದ್ದಕ್ಕ ಆದಾಯ ನೋಡಿ ಕೊಡೋ ನೀಡ್ ಬೇಸ್ಡ್ ಗ್ರಾಂಟ್ ಏನರ ಅದ ಏನು, ಬ್ಯಾರೆ ಕಾಲೇಜಿಂದ ಇಷ್ಟು ಬಂದದ (ಬಂದಿದ್ರ ಮಾತ್ರ, ಸುಳ್ಳ ಬರಿಬ್ಯಾಡ್ರಿ), ಫೀ ಏರಿದ್ರ ಸ್ಕಾಲರ್‌ಶಿಪ್ ಏರ್ತದೇನು, ಜಿಪಿಎ ಎಷ್ಟು ಬೇಕು, ಒಮ್ಮೆ ಹೋದ್ರ ವಾಪಸ್ ಸಿಗ್ತದೇನು, ಎಲ್ಲಾ ಕೇಳ್ಬೇಕು, ಉತ್ತರ ಮೇಲ್‌ನಾಗೇ ತಗೋಬೇಕು, ಫೋನ್‌ನಾಗ ಹೇಳಿದ್ದು ನಡಿಯಂಗಿಲ್ಲ. ಡೆಪಾಸಿಟ್ ದಿನ ಮುಂದ ಹಾಕ್ರಿ ಅಂತ ಕೇಳಿದ್ರೂ ತಪ್ಪಲ್ಲ, ಸಣ್ಣ ಕಾಲೇಜುಗಳಿಗೆ ಹುಡುಗರು ಬೇಕಾಗ್ಯಾರ, ಬಾಗಲಾ ಮುಚ್ಚಂಗಿಲ್ಲ. ಡೆಪಾಸಿಟ್ ಬಹಳ ಕಡೆ ವಾಪಸ್ ಬರಂಗಿಲ್ಲ ಅನ್ನೋದು ನೆನಪಿರ್ಲಿ.

ಬ್ಯಾಂಕಿನ ಮಾತು. ಪರದೇಶಕ್ಕ ದೊಡ್ಡ ಲೋನ್ ಅಂದ್ರ ಆಸ್ತಿ ಕಾಗದ ಕೇಳ್ತಾರ, ನಿಮ್ಮ ಆಳಂದ ರೋಡಿನ ಪ್ಲಾಟ್ ಅಲ್ಲಿಗೇ ಹೋಗ್ತದ. 40 ಲಕ್ಷಕ್ಕ 10 ಪರ್ಸೆಂಟ್ ಅಂದ್ರ ವರ್ಷಕ್ಕ 4 ಲಕ್ಷ ಬರೇ ಬಡ್ಡಿ, ಮಗಳು ಓದ್ಲಿಕತ್ತಾಗೇ ಬೆಳೀತಿರ್ತದ. ಲೋನ್ ರೊಕ್ಕದ್ಲೇ ಫೀ ಕಳಿಸಿದ್ರ 2025 ಏಪ್ರಿಲ್‌ಲಿಂದ ಟಿಸಿಎಸ್ (ಪರದೇಶಕ್ಕ ರೊಕ್ಕ ಕಳಿಸುವಾಗ ಬ್ಯಾಂಕ್ ಹಿಡಿಯೋ ತೆರಿಗಿ) ಇಲ್ಲ, ಸ್ವಂತ ರೊಕ್ಕ ಆದ್ರ ವರ್ಷಕ್ಕ 10 ಲಕ್ಷದ ಮ್ಯಾಲಿಂದಕ್ಕ ಹಿಡೀತಾರ, ರಿಟರ್ನ್ ಹಾಕಿದಾಗ ಹೊಂದಿಸ್ಕೋಬಹುದು. ವೀಸಾಕ್ಕ ಮೊದ್ಲು ಕಾಲೇಜು ಐ-20 ಅಂತ ಫಾರ್ಮ್ ಕೊಡ್ತದ, ಅದಕ್ಕ ಪೈಲಾ ವರ್ಷದ ಅಷ್ಟೂ ರೊಕ್ಕ ನಿಮ್ಮ ಕಡೆ ಅದ ಅಂತ ತೋರಸ್ಬೇಕು. ಆಮ್ಯಾಲ ಸೆವಿಸ್ ಫೀ (ಪರದೇಶಿ ವಿದ್ಯಾರ್ಥಿಗಳ ದಾಖಲಾತಿಗೆ ಅಮೆರಿಕ ಸರ್ಕಾರ ತಗೊಳ್ಳೋದು) 350, ವೀಸಾ ಫೀ 185 ಡಾಲರ್. ಅಲ್ಲೇ ಕೆಲಸ ಮಾಡಿ ಕಟ್ತಾಳ ಅಂತ ಯಾರರ ಅಂದ್ರ ನಂಬಬ್ಯಾಡ್ರಿ, ಎಫ್-1 ಅಂದ್ರ ವಿದ್ಯಾರ್ಥಿ ವೀಸಾದಾಗ ಕ್ಲಾಸ್ ನಡ್ದಾಗ ವಾರಕ್ಕ 20 ತಾಸಿನ ಮ್ಯಾಲ ಇಲ್ಲ, ಅದೂ ಕ್ಯಾಂಪಸ್ ಒಳಗೇ, ಲೈಬ್ರರ್‍ಯಾಗೋ ಮೆಸ್‌ನಾಗೋ, ಅದು ಅಕಿ ಕೈಖರ್ಚಿಗೆ ಆಗ್ತದ ಅಷ್ಟೇ.

ಕಟ್ಬೇಕೋ ಬ್ಯಾಡೋ ಅಂತ ನೇರ ಕೇಳೀರಿ, ನಾನೂ ನೇರ ಹೇಳ್ತೀನಿ. ಉಳಿಕಿ ಮೊತ್ತ ವರ್ಷಕ್ಕ 15,000 ಡಾಲರಿಗೆ ಇಳಿದ್ರ ವಿಚಾರ ಮಾಡ್ರಿ. 35,500ಕ್ಕ ನಾ ಆಗಿದ್ರ ಬ್ಯಾಡ ಅಂತಿದ್ದೆ. ಬಯಾಲಜಿ ಡಿಗ್ರಿ ಇಲ್ಲೇ ಮುಗಿಸಿ ಎಂಎಸ್‌ಗೋ ಪಿಎಚ್‌ಡಿಗೋ ಹೋದ್ರ ಆಗ ಪಿಎಚ್‌ಡಿ ಹುಡುಗರಿಗೆ ಬಹಳ ಕಡೆ ಫೀ ಮಾಫ್ ಮಾಡಿ ಮ್ಯಾಲ ಸ್ಟೈಪೆಂಡ್ ಕೊಡ್ತಾರ, ಪ್ಲಾಟ್ ಉಳೀತದ.

ಪ್ರಶ್ನೆ: ನಾವು ಲಿಂಗಾಯತರು, ಬೀದರ್ ಕಡಿಯವ್ರು. ಕ್ಯಾಥೊಲಿಕ್ ಕಾಲೇಜ್ ಅಂದ್ರ ದಿನಾ ಚರ್ಚಿಗೆ ಹೋಗ್ಬೇಕಾಗ್ತದೇನ್ರಿ? ಅವ್ರ ಮಂದಿಗೆ ಮಾತ್ರ ರಿಯಾಯತಿ ಕೊಡ್ತಾರೇನು? ಊಟದ್ದೂ ಚಿಂತಿ ಅದ.
(ತಾಯಿ, ಬೀದರ್)

ಉತ್ತರ: ಅಕ್ಕಾರ, ನಮ್ಮಲ್ಲಿ ಮಂಗಳೂರಿನ ಸೇಂಟ್ ಅಲೋಶಿಯಸ್ 1880ರಾಗ, ಬೆಂಗಳೂರಿನ ಸೇಂಟ್ ಜೋಸೆಫ್ಸ್ 1882ರಾಗ ಶುರು ಆಗ್ಯಾವ, ಅಲ್ಲಿ ಓದಿದ ಲಿಂಗಾಯತರು, ಮುಸ್ಲಿಮರು, ಬ್ರಾಹ್ಮಣರು ಎಷ್ಟು ಮಂದಿ ಇಲ್ಲ ಹೇಳ್ರಿ, ಅಮೆರಿಕದಾಗೂ ಬಹಳಷ್ಟು ಕಡೆ ಅದೇ ರೀತಿ. ಮಾಸ್‌ಗೆ (ಚರ್ಚಿನ ಪೂಜಿಗೆ) ಹೋಗೋದು ಹುಡುಗರ ಇಷ್ಟ. ಆದ್ರ ಥಿಯಾಲಜಿ (ಧರ್ಮಶಾಸ್ತ್ರ), ಫಿಲಾಸಫಿ ಅಂತ ಒಂದೆರಡು ಪೇಪರ್ ಎಲ್ರಿಗೂ ಕಂಪಲ್ಸರಿ ಇಟ್ಟಿರ್ತಾರ, ಅದು ಪೂಜಿ ಅಲ್ಲ, ಪರೀಕ್ಷಾ. ಹಂಗಂತ ಎಲ್ಲಾ ಒಂದೇ ಥರ ಇಲ್ಲ. ಕ್ಯಾಲಿಫೋರ್ನಿಯಾದ ಥಾಮಸ್ ಅಕ್ವಿನಾಸ್ ಕಾಲೇಜ್, ವರ್ಜೀನಿಯಾದ ಕ್ರಿಸ್ಟೆಂಡಮ್ ಕಾಲೇಜ್, ಇವು ಧರ್ಮನೇ ನಡುಮನಿ ಅನ್ನೋವು, ಕ್ರಿಸ್ಟೆಂಡಮ್ ಅಂತೂ ಫೆಡರಲ್ ಸರ್ಕಾರದ ರೊಕ್ಕನೇ ಮುಟ್ಟಂಗಿಲ್ಲ. ಅಂಥವು ಪಸಂದ್ ಇದ್ರ ಹೋಗ್ಲಿ, ಇಲ್ಲಂದ್ರ ಬಿಡ್ಲಿ. ಚರ್ಚಿನ ಕಡಿಂದ ಶಿಫಾರಸು ತಂದವ್ರಿಗೆ ಸಣ್ಣ ಸ್ಕಾಲರ್‌ಶಿಪ್ ಕೆಲವು ಕಡೆ ಇರ್ತಾವ, ದೊಡ್ಡ ರಿಯಾಯತಿ ಮಾತ್ರ ಮಾರ್ಕ್ಸ್ ಮತ್ತ ಆದಾಯದ ಮ್ಯಾಲೇ.

ಹಾಸ್ಟೆಲ್‌ನಾಗ ಹುಡುಗರು ಹುಡುಗ್ಯಾರ ಬಿಲ್ಡಿಂಗ್ ಬ್ಯಾರೆ, ಭೇಟಿಗೆ ಟೈಮ್ ಇಂಥಾವು ನಿಯಮ ಇಂಥ ಕಾಲೇಜುಗಳಾಗ ಸ್ವಲ್ಪ ಜಾಸ್ತಿ, ನಿಮಗದು ಸಮಾಧಾನನೇ ಆಗ್ಬಹುದು, ಮಗಳಿಗೆ ಹೇಳಬ್ಯಾಡ್ರಿ. ಊಟದ್ದು, ಈಸ್ಟರ್ ಮುಂಚಿನ ಲೆಂಟ್ ಶುಕ್ರವಾರ ಅವ್ರೂ ಮಾಂಸ ಬಿಡ್ತಾರ, ಆದ್ರ ಮೀನಾ ತಿಂತಾರ, ಅದನ್ನ ವೆಜ್ ಅಂತ ತಿಳ್ಕೊಂಡು ಮೋಸ ಹೋಗಬ್ಯಾಡ್ರಿ. ಮೆಸ್ ಪ್ಲಾನ್ ಮೊದಲ ವರ್ಷ ಬಹಳ ಕಡೆ ಕಂಪಲ್ಸರಿ, ನೀವು ಉಣ್ಣಲಿ ಬಿಡಲಿ ರೊಕ್ಕ ಹೋಗ್ತದ. ಬುತ್ತಿ ಜೋಡಿ ಶೇಂಗಾ ಚಟ್ನಿ ಕಟ್ಟಿ ಕಳಸ್ರಿ.

ಪ್ರಶ್ನೆ: ಏಜೆಂಟ್ ಒಬ್ಬ 1.5 ಲಕ್ಷ ಕೊಟ್ರ ಸ್ಕಾಲರ್‌ಶಿಪ್ ಗ್ಯಾರಂಟಿ ಅಂತಾನ. ಕೊಡ್ಲೇನು?
(ವಿದ್ಯಾರ್ಥಿ, ಶಹಾಬಾದ್)

ಉತ್ತರ: ಬ್ಯಾಡ. ಮ್ಯಾಲಿನ ಉತ್ತರ ಓದು, ಅವ ಗ್ಯಾರಂಟಿ ಅನ್ನೋದು ಎಲ್ರಿಗೂ ಸಿಗೋ ರಿಯಾಯತಿ. ಮತ್ತ ಬಹಳ ಕಾಲೇಜುಗಳು ಏಜೆಂಟ್‌ಗೆ ತಾವೇ ಕಮಿಷನ್ ಕೊಡ್ತಾವ, ಅಂದ್ರ ಅವ ಎರಡೂ ಕಡಿಂದ ತಿಂತಾನ. ಬಹಳ ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕೋ ಕಾಮನ್ ಆ್ಯಪ್ ವೆಬ್‌ಸೈಟ್‌ನಾಗ ಅರ್ಜಿ ನೀನೇ ತುಂಬು, ಅರ್ಜಿ ಫೀ ಮಾಫಿ (ವೇವರ್) ಕೇಳಿದ್ರ ಸಣ್ಣ ಕಾಲೇಜುಗಳು ಸಹಜ ಕೊಡ್ತಾವ. ಎಸ್ಸೇ ಅವನ ಕೈಲಿ ಬರಸ್ಬ್ಯಾಡ, ಇಂಗ್ಲಿಷ್ ಅಡ್ಡಾದಿಡ್ಡಿ ಇದ್ರೂ ನಿಂದೇ ಇರ್ಲಿ.

ಪ್ರಶ್ನೆ: ಮೇಡಂ, ಸಣ್ಣ ಕಾಲೇಜ್‌ಗಳು ನಡುವೇ ಬಂದ್ ಆಗ್ತಾವ ಅಂತ ಕೇಳಿದ್ದೆ, ಖರೇನಾ?
(ಶಿಕ್ಷಕ, ಸೇಡಂ)

ಉತ್ತರ: ಖರೇ ಅದ ಸರ್. ಮಿಲ್ವಾಕಿಯ ಕಾರ್ಡಿನಲ್ ಸ್ಟ್ರಿಚ್ 2023ರಾಗ, ಪೆನ್ಸಿಲ್ವೇನಿಯಾದ ಕ್ಯಾಬ್ರಿನಿ ಮತ್ತ ಆಲ್ಬನಿಯ ಸೇಂಟ್ ರೋಸ್ 2024ರಾಗ, ಸೇಂಟ್ ಲೂಯಿಸ್‌ನ ಫಾಂಟ್‌ಬಾನ್ 2025ರಾಗ ಬಂದ್ ಆದ್ವು, ನಾಕೂ ಕ್ಯಾಥೊಲಿಕ್. ಕಾರಣ ಕಷ್ಟದ್ದಲ್ಲ, ಅಲ್ಲಿ ಆ ವಯಸ್ಸಿನ ಹುಡುಗರೇ ಕಡಿಮಿ ಆಗ್ಲಿಕತ್ತಾರ, ಸೀಟ್ ತುಂಬಸ್ಲಿಕ್ಕೆ ರಿಯಾಯತಿ ಕೊಟ್ಟು ಕೊಟ್ಟು ಕೈಯಾಗ ಬರೋದು ಕಡಿಮಿ ಆಯ್ತು, ಗಂಟು ಇಲ್ದವು ಮುಳುಗಿದ್ವು. ಕಾಲೇಜ್ ಬಂದ್ ಆದ್ರ ಬ್ಯಾರೆ ಕಾಲೇಜಿಗೆ ವರ್ಗ ಮಾಡ್ತಾರ, ಆದ್ರ ನಮ್ಮ ಹುಡುಗರಿಗೆ ವೀಸಾ ದಾಖಲಾತಿನೂ ಅಲ್ಲಿಗೆ ಬದ್ಲಿ ಆಗ್ಬೇಕು, ಹಳೇ ಸ್ಕಾಲರ್‌ಶಿಪ್ ಹೊಸ ಕಾಲೇಜು ಅಷ್ಟೇ ಕೊಡ್ತದ ಅನ್ನೋ ಖಾತ್ರಿ ಇಲ್ಲ. ಐದು ವರ್ಷದಾಗ ಅಡ್ಮಿಷನ್ ಎಷ್ಟು ಇಳಿದದ, ಎಂಡೋಮೆಂಟ್ ಅಂದ್ರ ಕೂಡಿಟ್ಟ ಗಂಟು ಎಷ್ಟದ, ಒಂದೇ ಸಲಕ್ಕ ಎಷ್ಟು ಕೋರ್ಸ್ ತಗದಾರ, ಇಷ್ಟು ನೋಡಿದ್ರ ಅರ್ಧ ತಿಳೀತದ.

ಪ್ರಶ್ನೆ: ಅಕ್ಕಾ ನಾ ಶಹಾಪುರ ತಾಲೂಕಿನಾಂವ, ಎಸ್‌ಸಿ, ಅಪ್ಪ ಕೂಲಿ ಮಾಡ್ತಾನ. ಪೂರ್ತಿ ಪುಕ್ಕಟ ಓದಿಸೋ ಕ್ಯಾಥೊಲಿಕ್ ಕಾಲೇಜ್ ಯಾವ್ದರ ಅದ ಏನು? ನಮಗ 371ಜೆ ಅದಲ್ಲ.
(ವಿದ್ಯಾರ್ಥಿ, ಯಾದಗಿರಿ ಜಿಲ್ಲಾ)

ಉತ್ತರ: ತಮ್ಮಾ, ಕಲ್ಯಾಣ ಕರ್ನಾಟಕದ ಮೀಸಲಾತಿಗಿರೋ 371ಜೆ ಸರ್ಟಿಫಿಕೇಟ್ ಅಮೆರಿಕದಾಗ ನಡಿಯಂಗಿಲ್ಲೋ, ಅಲ್ಲಿಯ ಸರ್ಕಾರಿ ಸಹಾಯದ ಫಾರ್ಮ್ ಎಫ್‌ಎಎಫ್‌ಎಸ್‌ಎನೂ ನಮಗಲ್ಲ, ಅವ್ರ ನಾಗರಿಕರಿಗೆ, ಅಲ್ಲೇ ಕಾಯಂ ನೆಲಸಿದವ್ರಿಗೆ. ಇಂಡಿಯಾನಾದ ನೋಟರ್ ಡೇಮ್ ಯೂನಿವರ್ಸಿಟಿ 2024ರಾಗ ಪರದೇಶದ ಹುಡುಗರಿಗೂ ಆದಾಯ ನೋಡ್ದೇ ಸೀಟ್ ಕೊಟ್ಟು, ಬೇಕಾದಷ್ಟು ಸಹಾಯ ಲೋನ್ ಇಲ್ದೇ ಕೊಡ್ತೀವಿ ಅಂತ ಹೇಳ್ಯದ. ಅದು ಕ್ಯಾಥೊಲಿಕ್ ಖರೇ, ಸಣ್ಣದಲ್ಲ, ಸೀಟ್ ಸಿಗೋದು ಬಹಳ ಕಠಿಣ. ಹಾಕೋದಿದ್ರ ಹಾಕು, ಅದೊಂದರ ಮ್ಯಾಲೇ ಕೂಡಬ್ಯಾಡ. ಸಣ್ಣ ಕಾಲೇಜುಗಳು ರೊಕ್ಕ ಇಲ್ದ ಪರದೇಶಿ ಹುಡುಗರನ್ನ ತಗೊಳ್ಳಿಕ್ಕೆ ಹಿಂದಮುಂದ ನೋಡ್ತಾವ.

ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಅದ, ಎಸ್‌ಸಿ ಹುಡುಗರಿಗೆ, ಆದಾಯ 8 ಲಕ್ಷದೊಳಗ ಇರ್ಬೇಕು, ಆದ್ರ ಅದು ಮಾಸ್ಟರ್ಸ್, ಪಿಎಚ್‌ಡಿಗೆ ಮಾತ್ರ. ಅದಕ್ಕ ನಿನ್ನ ಡಿಗ್ರಿ ಇಲ್ಲಿ ಆಗ್ಲಿ. ಬೆಂಗಳೂರು ಮಂಗಳೂರಿನ ಕ್ಯಾಥೊಲಿಕ್ ಕಾಲೇಜುಗಳು ಅಲ್ಪಸಂಖ್ಯಾತ ಸಂಸ್ಥೆಗಳು, ಸಂವಿಧಾನದ 30ನೇ ಕಲಮಿನ ಪ್ರಕಾರ ತಮ್ಮ ಮಂದಿಗೆ ಒಂದಿಷ್ಟು ಸೀಟ್ ಇಟ್ಕೋತಾವ, ಉಳಿದವು ಎಲ್ರಿಗೂ. ಅಡ್ಮಿಷನ್ ಕಿಂತ ಮೊದ್ಲೇ ಆಫೀಸಿಗೆ ಹೋಗಿ ಬಡ ಹುಡುಗರಿಗೆ ಫೀ ರಿಯಾಯತಿ ಅರ್ಜಿ ಅದ ಏನು ಅಂತ ಕೇಳು, ಒಂದೇ ಕಂತಿನಾಗ ಕಟ್ಬೇಕೇನು ಅಂತನೂ ಕೇಳು. ಆದಾಯ 2.5 ಲಕ್ಷದೊಳಗ ಇದ್ರ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಾಗ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕು, ಆಧಾರ್ ಸೀಡ್ ಆದ ಬ್ಯಾಂಕ್ ಖಾತೆ ನಿನ್ನ ಹೆಸರಿಲೇ ಇರ್ಬೇಕು, ಜಾತಿ ಆದಾಯ ಸರ್ಟಿಫಿಕೇಟ್ ಈಗೇ ನಾಡ ಕಚೇರ್‍ಯಾಗ ಮಾಡಿಸ್ಕೋ, ಜೂನ್‌ನಾಗ ಪಾಳಿ ಹಚ್ಚಿದ್ರ ಸರ್ವರ್ ಡೌನ್ ಅಂತ ಮೂರು ಸಲ ತಿರುಗಾಡಸ್ತಾರ.

ಪಿಎಂ ವಿದ್ಯಾಲಕ್ಷ್ಮಿ ಅಂತ 2024ರಾಗ ಬಂದ ಲೋನ್‌ದಾಗ ಆಸ್ತಿ, ಜಾಮೀನು ಕೇಳಂಗಿಲ್ಲ, ಆದ್ರ ಕಾಲೇಜು ಅವ್ರ ಪಟ್ಟ್ಯಾಗ ಇರ್ಬೇಕು. 10 ಲಕ್ಷದ ತನಾ ಲೋನಿಗೆ 3 ಪರ್ಸೆಂಟ್ ಬಡ್ಡಿ ರಿಯಾಯತಿ ಅದ, ಅದು ಬ್ಯಾರೆ ಸರ್ಕಾರಿ ಸ್ಕಾಲರ್‌ಶಿಪ್ ತಗೊಂಡವ್ರಿಗೆ ಇಲ್ಲ, ಅದಕ್ಕ ನಿನಗ ಪೋಸ್ಟ್ ಮೆಟ್ರಿಕ್ಕೇ ಮೊದ್ಲು. ಬೆಂಗಳೂರಿನಾಗ ಫೀ ಕಿಂತ ಇರೋ ಜಾಗಕ್ಕೇ ಜಾಸ್ತಿ ಹೋಗ್ತದ, ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್‌ಗೆ ಅರ್ಜಿ ಅಡ್ಮಿಷನ್ ಜೋಡಿನೇ ಹಾಕು. ಮಾರ್ಕ್ಸ್ ಎಷ್ಟು, ಯಾವ ಕೋರ್ಸ್ ಅಂತ ನೀ ಬರದೇ ಇಲ್ಲ, ಅದು ಬರದು ಕಳಸು, ಮುಂದಿನ ಸಂಚಿಕ್ಯಾಗ ನೋಡೂಣು.