ಪ್ರತಿಕ್ರಿಯೆ: 4294967297 ಅವಿಭಾಜ್ಯವೇ?

500ರವರೆಗಿನ ಯಾವ ಅವಿಭಾಜ್ಯ ಸಂಖ್ಯೆಯೂ 4294967297 ಅನ್ನು ನಿಶ್ಶೇಷವಾಗಿ ಭಾಗಿಸುತ್ತಿಲ್ಲ, 2ನ್ನು ಆಧಾರವಾಗಿಟ್ಟು ಮಾಡಿದ ಫರ್ಮಾ ಪರೀಕ್ಷೆಯಲ್ಲೂ (n ಅವಿಭಾಜ್ಯವಾಗಿದ್ದರೆ, n ಭಾಗಿಸದ ಆಧಾರದ n − 1ನೇ ಘಾತವನ್ನು nನಿಂದ ಭಾಗಿಸಿದಾಗ ಶೇಷ 1 ಬರಲೇಬೇಕು ಎಂಬ ಪರೀಕ್ಷೆ) ಅದು ತೇರ್ಗಡೆಯಾಗಿದೆ, ಹಾಗಾದರೆ ಅದು ಅವಿಭಾಜ್ಯವೇ ಎಂದು ಕೇಳಿದ್ದೀರಿ. ಅಲ್ಲ; ಇನ್ನು ಸ್ವಲ್ಪ ಮುಂದುವರಿದಿದ್ದರೆ 641 ಸಿಗುತ್ತಿತ್ತು: 641 × 6700417 = 4294967297.

ಈ ಸಂಖ್ಯೆ 2³² + 1. 2ರ ಘಾತಾಂಕ 1, 2, 4, 8, 16 ಹೀಗೆ ಇಮ್ಮಡಿಯಾಗುತ್ತಾ ಹೋಗಿ 1 ಕೂಡಿಸಿದಾಗ ಸಿಗುವ ಇದೇ ಸರಣಿಯ 3, 5, 17, 257, 65537 ಅವಿಭಾಜ್ಯವಾಗಿರುವುದರಿಂದ ಮುಂದಿನವೂ ಹಾಗೆಯೇ ಇರುತ್ತವೆಂದು ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಗಣಿತಜ್ಞ ಆಯ್ಲರ್ ಆ ನಂಬಿಕೆಯನ್ನು ಮುರಿದರು. 2³² + 1ರ ಪ್ರತಿಯೊಂದು ಅವಿಭಾಜ್ಯ ಅಪವರ್ತನವೂ 64ರಿಂದ ಭಾಗಿಸಿದಾಗ 1 ಶೇಷ ಉಳಿಸಲೇಬೇಕಾದ್ದರಿಂದ ಅಂಥ ಅವಿಭಾಜ್ಯಗಳಾದ 193, 257, 449, 577 ಇಷ್ಟನ್ನು ಪರೀಕ್ಷಿಸಿದರೆ ಮುಂದಿನದೇ 641.

ದೀರ್ಘ ಭಾಗಾಕಾರವಿಲ್ಲದೆಯೂ ಇದನ್ನು ಸಾಧಿಸಬಹುದು, ಮತ್ತು ನನಗೆ ಈ ದಾರಿಯೇ ಹೆಚ್ಚು ಇಷ್ಟ. 641 = 5 × 2⁷ + 1 ಆದ್ದರಿಂದ 5 × 2⁷ಕ್ಕೆ 641ರ ಭಾಗಾಕಾರದಲ್ಲಿ −1 ಶೇಷ; ಅದರ ನಾಲ್ಕನೆಯ ಘಾತವಾದ 5⁴ × 2²⁸ಕ್ಕೆ ಶೇಷ 1. ಆದರೆ 641 = 5⁴ + 2⁴ ಕೂಡ ಆಗಿರುವುದರಿಂದ 5⁴ರ ಜಾಗದಲ್ಲಿ −2⁴ ಇಡಬಹುದು; ಆಗ −2³²ರ ಶೇಷ 1, ಅಂದರೆ 2³² + 1 ನಿಶ್ಶೇಷವಾಗಿ ಭಾಗವಾಗುತ್ತದೆ.

ನಿಮ್ಮ ಪರೀಕ್ಷೆ ಮೋಸಹೋದದ್ದು ಆಧಾರದ ಆಯ್ಕೆಯಿಂದ. ಈ ಸಂಖ್ಯೆಯಿಂದ ಭಾಗಿಸಿದಾಗ 2⁶⁴ರ ಶೇಷ 1, ಪರೀಕ್ಷೆಯ ಘಾತಾಂಕವಾದ (ಸಂಖ್ಯೆಯಿಂದ 1 ಕಳೆದ) 2³² ಹೇಗೂ 64ರ ಗುಣಕ. ಹಾಗಾಗಿ ಇಲ್ಲಿ 2 ಏನನ್ನೂ ಪತ್ತೆಹಚ್ಚಲಾರದು. ಆಧಾರವನ್ನು 3ಕ್ಕೆ ಬದಲಿಸಿ ನೋಡಿ, ಪರೀಕ್ಷೆ ಕೂಡಲೇ ವಿಫಲವಾಗುತ್ತದೆ.