ಗಿಡದ ಸಾರದ ಪ್ರಯೋಗವನ್ನು ಕನ್ನಡದಲ್ಲಿ ಕಲಿಸಿದರೆ ಮಕ್ಕಳಿಗೆ ಮುಂದೆ ತೊಂದರೆ ಆಗುತ್ತದೆಯೇ?

ನೀವು ಕೇಳಿದ್ದು ಎರಡು ವಿಷಯ. ಗಿಡದ ಸಾರ ಬ್ಯಾಕ್ಟೀರಿಯಾವನ್ನು ತಡೆಯುತ್ತದೆಯೇ ಎಂದು ನೋಡುವ ಪ್ರಯೋಗವನ್ನು ಬಿಎಸ್ಸಿ ಮೊದಲ ವರ್ಷದವರಿಗೆ ಮಾಡಿಸಬೇಕು, ಅದಕ್ಕೆ ಯಾವ ಗಿಡ ಒಳ್ಳೆಯದು? ಮಕ್ಕಳಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು, ಕನ್ನಡದಲ್ಲೇ ವಿವರಿಸಿದರೆ ಮುಂದೆ ಅವರಿಗೇ ಕಷ್ಟ ಆಗಲ್ವಾ? ನಾನು ಡಿಗ್ರಿ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಕಲಿಸುತ್ತೇನೆ, ಇದೇ ಪ್ರಯೋಗವನ್ನು ಪ್ರತಿ ವರ್ಷ ಮಾಡಿಸುತ್ತೇನೆ. ಆ ಅನುಭವದಿಂದ ಹೇಳುತ್ತೇನೆ, ಧೈರ್ಯವಾಗಿ ಕನ್ನಡದಲ್ಲಿ ಮಾಡಿಸಿ. ಗಿಡದ ವಿಷಯಕ್ಕೆ ಬಂದರೆ, ಬೆಳ್ಳುಳ್ಳಿಯಿಂದ ಶುರು ಮಾಡಿ.

ಸಾಮಾನ್ಯವಾಗಿ ಎಲ್ಲರೂ ಬೇವು, ತುಳಸಿ ತರಿಸುತ್ತಾರೆ. ಎಲೆ ಒಣಗಿಸಿ, ಪುಡಿ ಮಾಡಿ, ಎಥನಾಲ್‌ನಲ್ಲಿ ನೆನೆಸಿ, ಸೋಸಿ, ಬ್ಯಾಕ್ಟೀರಿಯಾ ಹಚ್ಚಿದ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಪ್ಲೇಟಿನಲ್ಲಿ ಕೊರೆದ ಗುಂಡಿಗೆ ಹಾಕುತ್ತಾರೆ. ಮರುದಿನ ಗುಂಡಿಯ ಸುತ್ತ ತಿಳಿಯಾದ ಉಂಗುರ (ಝೋನ್) ಕಂಡರೆ ಸ್ಕೇಲ್ ಇಟ್ಟು ಅಳೆದು, ರೆಕಾರ್ಡ್‌ನಲ್ಲಿ ಬರೆದು ಸಹಿ ಹಾಕಿಸಿಕೊಂಡರೆ ಮುಗೀತು. ಉಂಗುರ ಯಾಕೆ ಬಂತು ಎಂದು ಯಾರೂ ಕೇಳುವುದಿಲ್ಲ. ಬೆಳ್ಳುಳ್ಳಿ ಆ ಪ್ರಶ್ನೆಯನ್ನು ಕೇಳಿಸಿಯೇ ಕೇಳಿಸುತ್ತದೆ.

ಹೀಗೆ ಮಾಡಿ. ಒಂದು ಎಸಳನ್ನು ಹಸಿಯಾಗಿ ಜಜ್ಜಿ, ಹತ್ತು ನಿಮಿಷ ಬಿಟ್ಟು, ಸ್ವಲ್ಪ ಸ್ಟೆರೈಲ್ ನೀರು ಸೇರಿಸಿ ರಸ ಸೋಸಿಕೊಳ್ಳಿ. ಅಷ್ಟೇ ತೂಕದ ಇನ್ನೊಂದು ಎಸಳನ್ನು ಇಡಿಯಾಗಿಯೇ ಚೆನ್ನಾಗಿ ಬೇಯಿಸಿ, ಆಮೇಲೆ ಜಜ್ಜಿ ಅದೇ ರೀತಿ ರಸ ತೆಗೆಯಿರಿ. ಎರಡನ್ನೂ ಬೇರೆ ಬೇರೆ ಪ್ಲೇಟಿಗೆ ಹಾಕಿಸಿ. ಹಸಿ ರಸದ ಸುತ್ತ ದೊಡ್ಡ ಉಂಗುರ ಬರುತ್ತದೆ. ಬೇಯಿಸಿದ್ದರ ಸುತ್ತ ಏನೂ ಇರುವುದಿಲ್ಲ, ಇದ್ದರೂ ತೀರಾ ಕಡಿಮೆ. ಅದೇ ಬೆಳ್ಳುಳ್ಳಿ, ಅದೇ ಬ್ಯಾಕ್ಟೀರಿಯಾ. ಹಾಗಾದರೆ ಏನಾಯಿತು?

ಈಗ ಮಕ್ಕಳನ್ನು ಮಾತಾಡಲು ಬಿಡಿ. ಅಡುಗೆಮನೆ ನೋಡಿದ ಹುಡುಗನೋ ಹುಡುಗಿಯೋ ಒಬ್ಬರಾದರೂ ಹೇಳುತ್ತಾರೆ: ಸುಲಿದ ಎಸಳಿಗೆ ಅಷ್ಟು ವಾಸನೆ ಇರಲ್ಲ, ಜಜ್ಜಿದಾಗ ಘಾಟು ಬರುತ್ತೆ. ಉತ್ತರ ಅಲ್ಲೇ ಇದೆ. ಇಡೀ ಎಸಳಿನಲ್ಲಿ ಆ ಘಾಟಿನ ವಸ್ತು ಇರುವುದೇ ಇಲ್ಲ. ಅಲೀನ್ ಎಂಬ ವಸ್ತು ಜೀವಕೋಶದ ಒಂದು ಕಡೆ ಇರುತ್ತದೆ, ಅಲೀನೇಸ್ ಎಂಬ ಕಿಣ್ವ ಇನ್ನೊಂದು ಕಡೆ, ವ್ಯಾಕ್ಯೂಲ್ ಎಂಬ ಚೀಲದ ಒಳಗೆ ಇರುತ್ತದೆ. ಜಜ್ಜಿದಾಗ ಎರಡೂ ಸೇರಿ ಕೆಲವೇ ಸೆಕೆಂಡುಗಳಲ್ಲಿ ಅಲಿಸಿನ್ ಹುಟ್ಟುತ್ತದೆ. ಬ್ಯಾಕ್ಟೀರಿಯಾವನ್ನು ತಡೆಯುವುದು ಈ ಅಲಿಸಿನ್. ಇಡಿಯಾಗಿ ಬೇಯಿಸಿದರೆ ಕಿಣ್ವ ಮೊದಲೇ ಹಾಳಾಗುತ್ತದೆ, ಆಮೇಲೆ ಎಷ್ಟು ಜಜ್ಜಿದರೂ ಪ್ರಯೋಜನ ಇಲ್ಲ. ಅಮೆರಿಕದ ಕ್ಯಾವಲಿಟೊ ಮತ್ತು ಬೈಲಿ ಎಂಬ ರಸಾಯನಶಾಸ್ತ್ರಜ್ಞರು 1944ರಲ್ಲಿ ಅಲಿಸಿನ್ ಅನ್ನು ಬೇರ್ಪಡಿಸಿ ತೋರಿಸಿದರು. ಕಿಣ್ವ, ಜೀವಕೋಶದ ಒಳರಚನೆ, ಶಾಖದ ಪರಿಣಾಮ, ಮೂರೂ ಪಾಠ ಒಂದೇ ಪ್ರಯೋಗದಲ್ಲಿ ಸಿಗುತ್ತವೆ. ಇದನ್ನು ಇಂಗ್ಲಿಷ್‌ನಲ್ಲಿ ಕೇಳಿದ್ದರೆ ಘಾಟಿನ ಮಾತು ಹೊರಗೆ ಬರುತ್ತಲೇ ಇರಲಿಲ್ಲ. ವಾಕ್ಯ ತಪ್ಪಾದೀತು ಎಂಬ ಹೆದರಿಕೆಯಲ್ಲಿ ಮಕ್ಕಳು ಸುಮ್ಮನೆ ಕೂರುತ್ತಾರೆ. ಇದು ನನ್ನನ್ನು ನಿಜಕ್ಕೂ ನೋಯಿಸುವ ಸಂಗತಿ. ಗೊತ್ತಿಲ್ಲದೆ ಸುಮ್ಮನಿರುವುದು ಬೇರೆ, ಗೊತ್ತಿದ್ದೂ ಸುಮ್ಮನಿರುವುದು ಬೇರೆ.

ಈ ಪ್ರಯೋಗದಲ್ಲಿ ಕೈಕೆಲಸ ಸುಲಭ. ಕಷ್ಟ ಇರುವುದು ಯೋಚನೆಯಲ್ಲಿ. ಎಥನಾಲ್‌ನಲ್ಲಿ ಸಾರ ತೆಗೆದಿದ್ದರೆ ಬರೀ ಎಥನಾಲ್ ಹಾಕಿದ ಇನ್ನೊಂದು ಗುಂಡಿ (ಕಂಟ್ರೋಲ್) ಬೇಕೇ ಬೇಕು. ಸ್ಯಾನಿಟೈಸರ್ ಕೈಗೆ ಹಚ್ಚಿಕೊಂಡ ಎಲ್ಲರಿಗೂ ಇದರ ಕಾರಣ ಗೊತ್ತು. ಉಂಗುರ ಬಂದಿದ್ದು ಎಲೆಯಿಂದಲೋ ಆಲ್ಕೋಹಾಲಿನಿಂದಲೋ ಎಂದು ಇನ್ನು ಹೇಗೆ ಹೇಳುತ್ತೀರಿ? ಎಥನಾಲ್ ಪೂರ್ತಿ ಆರಿಸಿ, ಉಳಿದ ಸಾರವನ್ನು ಡಿಎಂಎಸ್‌ಓ ಎಂಬ ದ್ರಾವಕದಲ್ಲಿ ಕರಗಿಸಿದರೆ ಇನ್ನೂ ಒಳ್ಳೆಯದು. ಆಗ ಬರೀ ಡಿಎಂಎಸ್‌ಓ ಹಾಕಿದ ಗುಂಡಿ ಇರಬೇಕು.

ಇನ್ನೊಂದು, ತಿಳಿಯಾದ ಜಾಗ ಕಂಡ ತಕ್ಷಣ ಮಕ್ಕಳು ಬ್ಯಾಕ್ಟೀರಿಯಾ ಸತ್ತಿದೆ ಎಂದು ಬರೆಯುತ್ತಾರೆ. ಅಲ್ಲಿ ಬೆಳೆದಿಲ್ಲ ಎಂದಷ್ಟೇ ನಮಗೆ ಗೊತ್ತಾಗಿದ್ದು. ಆ ತಿಳಿ ಜಾಗಕ್ಕೆ ಲೂಪ್ (ಬ್ಯಾಕ್ಟೀರಿಯಾ ಎತ್ತುವ ತಂತಿ) ಮುಟ್ಟಿಸಿ ಹೊಸ ಪ್ಲೇಟಿನ ಮೇಲೆ ಗೀಚಿಸಿ. ಮರುದಿನ ಅಲ್ಲಿ ಬ್ಯಾಕ್ಟೀರಿಯಾ ಬೆಳೆದರೆ, ಅದು ಸತ್ತಿರಲಿಲ್ಲ, ಬೆಳೆಯಲಾಗದೆ ಸುಮ್ಮನಿತ್ತು ಎಂದಾಯಿತು. ಕಣ್ಣಾರೆ ನೋಡಿದ ಮೇಲೆ ಈ ವ್ಯತ್ಯಾಸ ಮರೆತುಹೋಗುವುದಿಲ್ಲ.

ಆಂಟಿಬಯೋಟಿಕ್ ಡಿಸ್ಕ್ (ಔಷಧಿ ಹೀರಿಸಿದ ಕಾಗದದ ಬಿಲ್ಲೆ) ಜೊತೆ ಹೋಲಿಸುವಾಗ ಜಾಸ್ತಿ ಎಚ್ಚರ ಬೇಕು. ಜೆಂಟಾಮೈಸಿನ್ ಡಿಸ್ಕ್‌ನಲ್ಲಿ ಇರುವುದು 10 ಮೈಕ್ರೋಗ್ರಾಂ ಔಷಧಿ. ಒಂದು ಎಂಎಲ್‌ಗೆ 100 ಮಿಲಿಗ್ರಾಂ ಇರುವ ಸಾರವನ್ನು ಗುಂಡಿಗೆ 100 ಮೈಕ್ರೋಲೀಟರ್ ಹಾಕಿದರೆ ಅಲ್ಲಿ 10 ಮಿಲಿಗ್ರಾಂ ಆಯಿತು. ಅಂದರೆ ತೂಕದಲ್ಲಿ 1000 ಪಟ್ಟು ಜಾಸ್ತಿ! ಉಂಗುರ ಎರಡೂ ಒಂದೇ ಅಳತೆ ಬಂದರೆ ಬೇವು ಆಂಟಿಬಯೋಟಿಕ್‌ಗೆ ಸಮ ಎಂದು ಬರೆಯುವುದು ಹೇಗೆ? ಮೇಲಾಗಿ ಅಗರ್‌ನಲ್ಲಿ ಎಲ್ಲ ವಸ್ತುವೂ ಒಂದೇ ವೇಗದಲ್ಲಿ ಹರಡುವುದಿಲ್ಲ. ಅರಿಶಿನದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಕಷ್ಟ, ಹಾಗಾಗಿ ಉಂಗುರ ಚಿಕ್ಕದಾಗಿ ಕಾಣಬಹುದು. ಈ ಲೆಕ್ಕವನ್ನು ಬೋರ್ಡಿನ ಮೇಲೆ ಕನ್ನಡದಲ್ಲಿ ಮಾತಾಡುತ್ತಾ ಮಾಡಿ. ಇದು ಅರ್ಥವಾದ ಹುಡುಗರು ಮುಂದೆ ವಾಟ್ಸಾಪ್‌ನಲ್ಲಿ ಬರುವ ಸೊಪ್ಪಿನ ಪವಾಡಗಳನ್ನೂ ಸರಿಯಾಗಿ ಓದುತ್ತಾರೆ.

ಮನೆಮದ್ದಿನಿಂದಲೇ ಒಳ್ಳೆಯ ಪ್ರಶ್ನೆಗಳು ಸಿಗುತ್ತವೆ. ಮಕ್ಕಳಿಗೆ ಕೆಮ್ಮು ಬಂದರೆ ದೊಡ್ಡಪತ್ರೆ ಎಲೆಯನ್ನು ಬೆಂಕಿಯಲ್ಲಿ ಬಾಡಿಸಿ ರಸ ಹಿಂಡುತ್ತಾರೆ. ಅಮೃತಬಳ್ಳಿಯನ್ನು ಕುದಿಸಿ ಕಷಾಯ ಮಾಡುತ್ತಾರೆ. ಒಂದನ್ನು ಬಾಡಿಸುವುದು, ಒಂದನ್ನು ಕುದಿಸುವುದು ಯಾಕೆ? ಹಸಿ ರಸ, ಬಾಡಿಸಿದ ರಸ, ಕುದಿಸಿದ ರಸ, ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಇದು ಸಣ್ಣ ಪ್ರಶ್ನೆ ಅಲ್ಲ. ಚೀನಾದ ವಿಜ್ಞಾನಿ ತು ಯೂಯೂ ಮಲೇರಿಯಾಕ್ಕೆ ಔಷಧಿ ಹುಡುಕುವಾಗ ಇಂಥದ್ದೇ ಪ್ರಶ್ನೆ ದಾರಿ ತೋರಿಸಿತು. ನಾಲ್ಕನೇ ಶತಮಾನದ ವೈದ್ಯ ಗೆ ಹಾಂಗ್ ತನ್ನ ಚಿಕಿತ್ಸೆಯಲ್ಲಿ ಚಿಂಗ್‌ಹಾವ್ ಎಂಬ ಗಿಡವನ್ನು ಕುದಿಸಿ ಎಂದಿರಲಿಲ್ಲ, ನೀರಿನಲ್ಲಿ ನೆನೆಸಿ ಹಿಂಡಿ ಎಂದಿದ್ದ. ತಮ್ಮದೇ ಭಾಷೆಯ ಆ ಹಳೆಯ ಸಾಲು ಓದಿ, ಶಾಖದಿಂದ ಔಷಧಿ ಕೆಡುತ್ತಿರಬಹುದು ಎಂದು ಅವರು ಊಹಿಸಿದರು. ಕಡಿಮೆ ಶಾಖದಲ್ಲಿ ಈಥರ್ ಬಳಸಿ ಸಾರ ತೆಗೆದರು. 1971ರಲ್ಲಿ ಅದು ಫಲ ಕೊಟ್ಟಿತು, 2015ರಲ್ಲಿ ನೊಬೆಲ್ ಬಂತು.

ಗಿಡದ ಹೆಸರಿನಲ್ಲಿ ಮಾತ್ರ ಲ್ಯಾಟಿನ್ ಬಿಡಬೇಡಿ. ಕೆಲವರು ಒಂದೆಲಗವನ್ನೇ ಬ್ರಾಹ್ಮಿ ಎನ್ನುತ್ತಾರೆ, ಇನ್ನು ಕೆಲವರಿಗೆ ಬ್ರಾಹ್ಮಿ ಎಂದರೆ ನೀರಿನಂಚಿನ ಬೇರೆಯೇ ಗಿಡ. ಮೊದಲನೆಯದು ಸೆಂಟೆಲ್ಲಾ, ಎರಡನೆಯದು ಬಕೋಪಾ. ರೆಕಾರ್ಡ್‌ನಲ್ಲಿ ಊರಿನ ಹೆಸರು, ಲ್ಯಾಟಿನ್ ಹೆಸರು ಎರಡೂ ಇರಲಿ, ಒಂದು ರೆಂಬೆ ಒಣಗಿಸಿ ಅಂಟಿಸಲಿ.

ಮುಂದೆ ಇಂಗ್ಲಿಷ್ ಏನು ಮಾಡುವುದು ಎಂಬ ನಿಮ್ಮ ಚಿಂತೆ ನ್ಯಾಯವಾದದ್ದು. ಎಂಎಸ್ಸಿ, ಲ್ಯಾಬ್ ಕೆಲಸ, ಪೇಪರ್ ಎಲ್ಲ ಇಂಗ್ಲಿಷ್‌ನಲ್ಲೇ ಇರುತ್ತವೆ. ಅದಕ್ಕೇ ಅಗರ್, ಕಂಟ್ರೋಲ್, ಇನ್‌ಕ್ಯುಬೇಟರ್, ಝೋನ್ ಇವನ್ನೆಲ್ಲ ಹಾಗೆಯೇ ಬಳಸಿ. ಇದಕ್ಕೆಲ್ಲ ಕಷ್ಟಪಟ್ಟು ಹೊಸ ಪದ ಕಟ್ಟಿದರೆ ಮಕ್ಕಳಿಗೆ ಎರಡು ಹೊರೆ. ಚರ್ಚೆ ಕನ್ನಡದಲ್ಲಿ ನಡೆಯಲಿ, ಕಂಡದ್ದನ್ನು ಮೊದಲು ಕನ್ನಡದಲ್ಲಿ ಬರೆಯಲಿ. ಅರ್ಥ ಗಟ್ಟಿಯಾದ ಮೇಲೆ ಅದೇ ನಾಲ್ಕು ಸಾಲನ್ನು ಇಂಗ್ಲಿಷ್‌ನಲ್ಲಿ ಬರೆಸಿ, ವೈವಾ ತರಹ ಬಾಯಲ್ಲೂ ಹೇಳಿಸಿ. ಬೇರೆಯವರ ರೆಕಾರ್ಡ್ ನೋಡಿ ಬರೆಯುವುದು ತಾನಾಗಿ ಕಡಿಮೆಯಾಗುತ್ತದೆ, ಯಾಕೆಂದರೆ ಈಗ ಅವರಿಗೆ ಹೇಳಲು ಏನೋ ಇದೆ.

ಶುರು ಮಾಡುವ ಮೊದಲು ಕೆಲವು ಮಾತು. ಗಾಯ, ಮೋರಿ, ಟಾಯ್ಲೆಟ್‌ನಿಂದ ಬ್ಯಾಕ್ಟೀರಿಯಾ ತಂದು ಬೆಳೆಸಬೇಡಿ. ಬ್ಯಾಸಿಲಸ್ ಸಬ್ಟಿಲಿಸ್ ಅಥವಾ ಈ. ಕೋಲಿ ಕೆ-12 ಎಂಬ, ಅಪಾಯ ಕಡಿಮೆ ಇರುವ ಬ್ಯಾಕ್ಟೀರಿಯಾ ಸಾಕು. ಚಂಡೀಗಢದ ಎಂಟಿಸಿಸಿಯಂಥ ಸೂಕ್ಷ್ಮಜೀವಿ ಸಂಗ್ರಹದ ಕಡೆಯಿಂದ ಕಾಲೇಜಿನ ಹೆಸರಿನಲ್ಲಿ ತರಿಸಬಹುದು. ಅಲಿಸಿನ್ ಆವಿಯಾಗಿ ಪಕ್ಕದ ಗುಂಡಿಗಳ ಮೇಲೂ ಪರಿಣಾಮ ಮಾಡುತ್ತದೆ, ಬೆಳ್ಳುಳ್ಳಿ ಪ್ಲೇಟಿನಲ್ಲಿ ಬೇರೆ ಸಾರ ಹಾಕಿಸಬೇಡಿ. ಪ್ಲೇಟುಗಳನ್ನು ಟೇಪ್ ಅಂಟಿಸಿ ಮುಚ್ಚಿಯೇ ಅಳೆಯಲಿ. ತಿಳಿ ಜಾಗಕ್ಕೆ ಲೂಪ್ ಮುಟ್ಟಿಸುವಾಗ ಮಾತ್ರ ನೀವೇ ಬರ್ನರ್ ಪಕ್ಕ ತೆರೆಯಿರಿ. ಎಸೆಯುವ ಮೊದಲು 121 ಡಿಗ್ರಿಯಲ್ಲಿ 20 ನಿಮಿಷ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಬೇಯಿಸುವುದು) ಮಾಡಿಸಿ.